ಗುಡಿ ಮುಂದೆ ಕೈ ತಾನಾಗಿ ಎದೆಗೆ ಹೋಗುತ್ತೆ, ಯಾಕೆ ಸರ್?

ಪ್ರಶ್ನೆ: ನಮಸ್ಕಾರ ಸರ್. ನಾನು ಕಲಬುರಗಿಯವನು, ವಯಸ್ಸು 31. ಕಾಲೇಜು ದಿನಗಳಿಂದ ದೇವರನ್ನು ನಂಬಲ್ಲ. ಆದರೂ ಶರಣಬಸವೇಶ್ವರ ಗುಡಿ ಮುಂದೆ ಸ್ಕೂಟಿ ಹೋದರೆ ಎಡಗೈ ಹ್ಯಾಂಡಲ್ ಬಿಟ್ಟು ಎದೆ ಮುಟ್ಟುತ್ತೆ. ಹೋದ ವಾರ ಅವ್ವನ ಆಪರೇಷನ್ ಇತ್ತು. ಹೊರಗೆ ಕೂತವನು ಐದು ಕಾಯಿ ಒಡೆಸ್ತೀನಿ ಅಂತ ಹರಕೆ ಹೊತ್ತುಬಿಟ್ಟೆ! 'ನಿನ್ನ ಸುಪ್ತ ಮನಸ್ಸು ನಂಬುತ್ತೆ, ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್ ಹೇಳಿದ್ದು ಇದನ್ನೇ' ಅಂತ ಗೆಳೆಯ ಕಾಡುತ್ತಿದ್ದಾನೆ. ನಿಜಾನಾ?

ಉತ್ತರ (ಮನಶ್ಶಾಸ್ತ್ರಜ್ಞ): ಅವ್ವಾರು ಈಗ ಹೇಗಿದ್ದಾರೆ?

ಕೈ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸಣ್ಣವರಿದ್ದಾಗ ಅವ್ವಾರು ಎಷ್ಟು ಸಲ ಆ ಕೈ ಮುಗಿಸಿರುತ್ತಾರೋ. ಬ್ರೇಕ್ ಹಿಡಿಯೋ ಹಾಗೆ ಅದೂ ಒಂದು ಅಭ್ಯಾಸ. ಫ್ರಾಯ್ಡ್ ಹೇಳುವ ಸುಪ್ತ ಮನಸ್ಸು ಬೇರೆ. ಒಪ್ಪಿಕೊಳ್ಳಲಾಗದ ಆಸೆ, ಭಯಗಳನ್ನು ನಾವೇ ಅದುಮಿಟ್ಟ ಜಾಗ ಅದು.

ಹರಕೆಯದು ಸ್ವಲ್ಪ ಸ್ವಾರಸ್ಯದ ವಿಷಯ. ದಿಕ್ಕು ತೋಚದ ಮಗು ಅಪ್ಪನನ್ನು ಹುಡುಕಿದ ಹಾಗೆ ದೊಡ್ಡವರು ದೇವರನ್ನು ಹುಡುಕುತ್ತಾರೆ ಅಂತ ಫ್ರಾಯ್ಡ್ 1927ರಲ್ಲಿ ಬರೆದರು. ನಮ್ಮ ಜನ 'ಶರಣಬಸಪ್ಪಾ, ನನ್ನಪ್ಪಾ' ಅನ್ನೋದು ಕೇಳಿದ್ದರೆ ಕುಣಿದಾಡುತ್ತಿದ್ದರೇನೋ! ಆದರೆ 'ಯವ್ವಾ ಯಲ್ಲವ್ವಾ' ಅನ್ನೋರೂ ಇಲ್ಲೇನು ಕಡಿಮೆಯೇ? ಎಲ್ಲವನ್ನೂ ಅಪ್ಪನ ತಲೆಗೆ ಕಟ್ಟೋದು ನನಗೆ ಒಪ್ಪಿಗೆಯಿಲ್ಲ.

ನನಗೆ ಹಿಡಿಸೋದು ಮಾಲಿನೋವ್ಸ್ಕಿ ಎಂಬ ಮಾನವಶಾಸ್ತ್ರಜ್ಞರ ಮಾತು. ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ನ್ಯೂಗಿನಿ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದರು. ಅಲ್ಲಿನವರು ದಡದ ಶಾಂತ ನೀರಲ್ಲಿ ಮೀನು ಹಿಡಿಯುವಾಗ ಮಂತ್ರಗಿಂತ್ರ ಏನೂ ಇಲ್ಲ. ಅಪಾಯದ ಕಡಲಿಗೆ ಹೊರಟರೆ ಮಾತ್ರ ಎಲ್ಲಾ ಶಾಸ್ತ್ರ. ನಿಮಗೆ ಆಪರೇಷನ್ ಥಿಯೇಟರ್ ಬಾಗಿಲೇ ಆ ಕಡಲು. ತೊಗರಿ ಹೂವಿಗೆ ಬಂದಾಗ ಮೋಡ ಕವಿದರೆ ನಮ್ಮ ರೈತರು ಕೈ ಮುಗಿಯಲ್ವಾ, ಹಾಗೆ.

ಗುಂಪಿನ ಇನ್ನೊಬ್ಬ ಸದಸ್ಯೆ, ಬೀದರ್‌ನವರು: ಹಾಗಾದ್ರೆ ದೇವರು ಬರೀ ಮನಸ್ಸಿನ ಆಟ ಅಂತೀರಾ ಸರ್?

ಉತ್ತರ: ಇಲ್ಲಕ್ಕ. ನಂಬಿಕೆ ಹೇಗೆ ಹುಟ್ಟುತ್ತೆ ಅನ್ನೋದಷ್ಟೇ ನಮ್ಮ ಕೆಲಸ. ದೇವರು ಇದ್ದಾನಾ ಇಲ್ಲವಾ ಅನ್ನೋದು ಓಪಿಡಿಗೆ ಬರೋ ಕೇಸ್ ಅಲ್ಲ. ಆದರೆ ಕೈ ಮುಗಿಯದಿದ್ದರೆ ಅವ್ವನಿಗೆ ಏನೋ ಆಗುತ್ತೆ ಅಂತ ಹೆದರಿ, ದಿನಾ ನಾಲ್ಕು ಸಲ ಗಾಡಿ ತಿರುಗಿಸಿ ಬರುವಂತಾದರೆ ಬಂದು ತೋರಿಸಿ. ಗೀಳು ಕಾಯಿಲೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ.

ಪ್ರಶ್ನೆ ಕೇಳಿದವರು: ಅಷ್ಟೇನಿಲ್ಲ ಸರ್. ಅವ್ವ ಆರಾಮ ಇದ್ದಾಳೆ. ಹರಕೆ ವಿಷಯ ಬಾಯಿ ತಪ್ಪಿ ಹೇಳಿಬಿಟ್ಟೆ. ಸೋಮವಾರ ಕಾಯಿ ಒಯ್ಯಲೇಬೇಕಂತೆ.

ಉತ್ತರ: ಬಾಯಿ ತಪ್ಪಿ ಅಂದ್ರಾ? ಬಾಯಿ ತಪ್ಪಿದ ಮಾತಲ್ಲೂ ಅದುಮಿಟ್ಟ ಆಸೆ ಇಣುಕುತ್ತೆ ಅಂದವರು ಅವರೇ. ಇಲ್ಲಿ ಬೇಕಾಗ್ತಾರೆ ನೋಡಿ ಫ್ರಾಯ್ಡ್!