‘ದೇವರು ಮನಸ್ಸು ಮಾಡಿದರೆ’ ಅಂದವರಿಗೆ ಎಷ್ಟು ಅಂಕ?

ಪ್ರಶ್ನೆ:
ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಸ್ಪ್ಯಾನಿಷ್ ಮಾತಾಡುವ, 50 ದಾಟಿದವರ ಸಮೀಕ್ಷೆ ಮಾಡುತ್ತಿದ್ದೇನೆ. ತಮ್ಮ ಬದುಕು ಎಷ್ಟರ ಮಟ್ಟಿಗೆ ತಮ್ಮ ಕೈಯಲ್ಲಿದೆ ಅಂತ ಅವರಿಗೆ ಅನಿಸುತ್ತದೆ, ಅದನ್ನು ಅಳೆಯಬೇಕು. ಬಳಸುತ್ತಿರುವುದು ಸಂಶೋಧಕರಾದ ಪರ್ಲಿನ್–ಸ್ಕೂಲರ್ ಅವರ 1978ರ 7 ವಾಕ್ಯಗಳು.

ನಿನ್ನೆ ಒಬ್ಬ ಅಜ್ಜಿ ಟೋರ್ಟಿಯಾ ಮಗುಚುತ್ತಲೇ ಉತ್ತರ ಕೊಟ್ಟರು. ಮುಂದಿನ ದಿನಗಳು ನನ್ನ ಕೈಯಲ್ಲೇ ಇವೆ ಅನ್ನುವುದಕ್ಕೆ ‘ಸೀ, ಸೀ’, ಅಂದರೆ ಹೌದು, ಹೌದು. ನನ್ನಿಂದ ಏನೂ ಆಗಲ್ಲ ಅನ್ನುವುದಕ್ಕೂ ‘ಸೀ’! ಕೊನೆಗೆ ‘ಸಿ ದಿಯೋಸ್ ಕಿಯೆರೆ’ ಅಂದು ನಕ್ಕರು. ದೇವರು ಮನಸ್ಸು ಮಾಡಿದರೆ ಅಂತ. ಥೇಟ್ ನಮ್ಮಜ್ಜಿಯ ‘ದೇವರು ಇಟ್ಟ ಹಾಗೆ’. ಯಾವ ಚೌಕಕ್ಕೆ ಟಿಕ್ ಹಾಕಲಿ?

ಉತ್ತರ 1:
ಆ 7ರಲ್ಲಿ 5 ವಾಕ್ಯ ‘ಆಗಲ್ಲ’ ಅನ್ನುವ ಧಾಟಿಯವು. ಎಲ್ಲಕ್ಕೂ ಹೂಂ ಅಂದವರ ಅಂಕ ಸುಮ್ನೆ ಇಳಿಯುತ್ತದೆ. ಅದು ಮನೆಗೆ ಬಂದವರ ಮೇಲಿನ ಮರ್ಯಾದೆಯೂ ಇರಬಹುದು, ಅಲ್ವಾ? ಇದನ್ನೇ ಅಳೆಯುವ ಲಾಕ್‌ಮನ್–ವೀವರ್ ಅವರ 1998ರ ಪಟ್ಟಿ ನೋಡಿ. ‘ನನ್ನಿಂದ ಆಗುತ್ತದೆ’ ಅನ್ನುವುದಕ್ಕೆ 4 ವಾಕ್ಯ, ‘ಅಡ್ಡಿಗಳಿವೆ’ ಅನ್ನುವುದಕ್ಕೆ 8. ಎರಡಕ್ಕೂ ಅಂಕ ಬೇರೆ ಬೇರೆ.

ಉತ್ತರ 2:
ಟಿಕ್ ಆಮೇಲೆ. ವಾಕ್ಯ ಓದಿ, ‘ಇದನ್ನು ನಿಮ್ಮ ಮಾತಲ್ಲಿ ಹೇಳಿ’ ಅನ್ನಿ. ಅನುವಾದ ಎಲ್ಲಿ ಕುಂಟುತ್ತಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಮೆಕ್ಸಿಕೋದವರಿಗೆ ಸರಿ ಕಂಡ ಪದ ಕ್ಯೂಬಾದವರಿಗೆ ವಿಚಿತ್ರ ಅನಿಸಬಹುದು.

ಪ್ರಶ್ನೆ ಕೇಳಿದವರು:
ಇವತ್ತು ಮತ್ತೆ ಹೋಗಿದ್ದೆ. ಅಜ್ಜಿ ಅಂದಿದ್ದು: ‘ಶುಗರ್ ಮಾತ್ರೆ ನಾನೇ ಎಣಿಸಿ ಡಬ್ಬಿಗೆ ಹಾಕ್ತೀನಿ. ಮಗ ಯಾವತ್ತು ಬರ್ತಾನೆ ಅನ್ನೋದು ದೇವರಿಗೆ ಬಿಟ್ಟಿದ್ದು.’ ಎರಡು ‘ಸೀ’ಗಳೂ ನಿಜವೇ. 12 ವಾಕ್ಯಗಳ ಪಟ್ಟಿಗೇ ಹೋಗ್ತೀನಿ.