ಶ್ರಾವಣದ ಕೈಮ ಉಂಡೆ ಮತ್ತು ಒಂದು ಫಾರ್ವರ್ಡ್

ಮಂಡ್ಯದ ಕಡೆಯ ನಮ್ಮ ಮನೆಗಳಲ್ಲಿ ಶ್ರಾವಣ ಮುಗಿಯುವವರೆಗೆ ಮಾಂಸ ಬೇಯಿಸುವುದಿಲ್ಲ. ಬೆಂಗಳೂರಿನ ಅತ್ತಿಗೆ ಕೊಚ್ಚಿದ ಮಾಂಸದ ಬದಲು ಸೋಯಾದಲ್ಲಿ ಮಾಡಿದ ಕೈಮ ಉಂಡೆ ಸಾರಿನ ಚಿತ್ರವನ್ನು ಕುಟುಂಬದ ಗುಂಪಿಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಅವರ ಮಾವ, ಎಂದರೆ ನಮ್ಮ ದೊಡ್ಡಪ್ಪ, ಒಂದು ಸಂದೇಶವನ್ನು ಕಳುಹಿಸಿದರು. ಅಲ್ಲಿಂದ ಮುಂದೆ ನಡೆದ ಮಾತುಕತೆ ಇದು.

ದೊಡ್ಡಪ್ಪ (ಫಾರ್ವರ್ಡ್): ಎಚ್ಚರಿಕೆ! ಸೋಯಾದಲ್ಲಿ ಹೆಣ್ಣಿನ ಹಾರ್ಮೋನು ಇದೆ. ದಿನಕ್ಕೆ ಮೂರು ಲೀಟರಿನಷ್ಟು ಸೋಯಾ ಹಾಲು ಕುಡಿಯುತ್ತಿದ್ದ ಗಂಡಸಿಗೆ ಎದೆ ಬೆಳೆದದ್ದನ್ನು ಅಮೆರಿಕದ ವೈದ್ಯರೇ ವರದಿ ಮಾಡಿದ್ದಾರೆ. ಗಂಡು ಮಕ್ಕಳಿರುವ ಮನೆಯವರು ಮೀಲ್ ಮೇಕರ್ (ಸೋಯಾ ಉಂಡೆ) ತರುವುದನ್ನು ಇಂದೇ ನಿಲ್ಲಿಸಿ. ಎಲ್ಲರಿಗೂ ಹಂಚಿ.

ದೊಡ್ಡಪ್ಪ: ಇದನ್ನು ಯಾರ ಮೇಲೂ ಗುರಿಯಿಟ್ಟು ಕಳುಹಿಸಿಲ್ಲ. ಮೊಮ್ಮಗ ಬೆಳೆಯುವ ವಯಸ್ಸಿನವನು ಎಂಬ ಕಾಳಜಿಯಿಂದ ಕಳುಹಿಸಿದ್ದೇನೆ.

ಅತ್ತಿಗೆ: ಮಾವ, ನನ್ನ ಚಿತ್ರದ ಕೆಳಗೇ ಬಂದಿರುವುದರಿಂದ ಇದು ನನಗೇ ಹೇಳಿದ ಮಾತು ಎಂದು ಎಲ್ಲರೂ ತಿಳಿಯುತ್ತಾರೆ. ಧಾರವಾಡದ ಕಡೆಯ ನನ್ನ ತವರಿನಲ್ಲಿ ಮುಂಗಾರಿಗೆ ಸೋಯಾ ಬಿತ್ತುತ್ತಾರೆ; ಅದು ನನಗೆ ಹೊಸ ಪದಾರ್ಥವಲ್ಲ. ಕೈಮ ಉಂಡೆ ಮಾಡುವುದನ್ನು ಕಲಿಸಿದವರು ನಮ್ಮ ಅತ್ತೆಯವರು. ಅವರು ಕೊಚ್ಚಿದ ಮಾಂಸಕ್ಕೆ ಏನೇನು ಹಾಕುತ್ತಿದ್ದರೋ ಅದನ್ನೇ ನಾನು ಸೋಯಾಕ್ಕೂ ಹಾಕಿದ್ದೇನೆ.

ಭಾವ: ಮಾವ, ಆ ವೈದ್ಯರು ಯಾರು, ಯಾವ ಪತ್ರಿಕೆ, ಯಾವ ವರ್ಷ? ಮೂಲವಿಲ್ಲದ ಸಂದೇಶವನ್ನು ಹಂಚಬಾರದೆಂದು ಪ್ಲಾಸ್ಟಿಕ್ ಅಕ್ಕಿಯ ಸಂದೇಶ ಬಂದಾಗಲೇ ನಾನು ಹೇಳಿದ್ದೆ. ಅಂದು ಅದನ್ನು ನಂಬಿ ಒಂದು ಮೂಟೆ ಒಳ್ಳೆಯ ಅಕ್ಕಿಯನ್ನು ಅಂಗಡಿಗೆ ವಾಪಸು ಹೊತ್ತವನೂ ನಾನೇ.

ದೊಡ್ಡಪ್ಪ: ಅಕ್ಕಿಯ ಮಾತು ಈಗ ಏಕೆ? ಮಾತು ಬಂದಿದ್ದರಿಂದ ಹೇಳುತ್ತೇನೆ: ನಿಮ್ಮ ಮನೆಯ ಗೃಹಪ್ರವೇಶದ ದಿನ ಪಲಾವಿನಲ್ಲಿ ಇದೇ ಸೋಯಾ ಉಂಡೆಗಳನ್ನು ಕಂಡು, ಮಾಂಸವೆಂದು ತಿಳಿದು, ಸಸ್ಯಾಹಾರಿ ನೆಂಟರಿಬ್ಬರು ಎಲೆ ಬಿಟ್ಟು ಎದ್ದರು. ಅವರ ಮುಂದೆ ಕೈಮುಗಿದು ನಿಂತವನು ನಾನು. ಬಿಡುವುದಾದರೆ ಮನಸಾರೆ ಬಿಡಬೇಕು. ಬಾಯಿಗೆ ಮಾಂಸದ ರುಚಿ ಬೇಕು, ಲೆಕ್ಕಕ್ಕೆ ಶ್ರಾವಣ ಬೇಕು ಎಂದರೆ ಅದು ವ್ರತವಾಗುವುದಿಲ್ಲ.

ಮೈಸೂರು ಅತ್ತೆ: ಅಣ್ಣ, ಆ ದಿನ ತಪ್ಪು ಅಡುಗೆಯವರದ್ದಲ್ಲ. ಬಡಿಸುವವರಿಗೆ ಅದು ಸೋಯಾ ಎಂದು ಹೇಳಿಡಿ ಎಂದು ನಾನು ಬೆಳಿಗ್ಗೆಯೇ ಹೇಳಿದ್ದೆ. ನನ್ನ ಮಾತನ್ನು ಯಾರೂ ಕೇಳಲಿಲ್ಲ.

ಭಾವ: ಅತ್ತೆ, ನೀವು ಹೇಳಿದ್ದು ನನಗಲ್ಲ, ನಿಮ್ಮ ಮಗನಿಗೆ.

ದುಬೈ ತಮ್ಮ: ಯಾರೂ ಬೇಸರ ಮಾಡಿಕೊಳ್ಳಬೇಡಿ. ಶ್ರಾವಣದಲ್ಲಿ ಅಜ್ಜಿ ಮೊಳಕೆ ಹುರುಳಿಯ ಸಾರು ಮಾಡಿ ಮುದ್ದೆಯ ಮೇಲೆ ಸುರಿಯುತ್ತಿದ್ದದ್ದು ನೆನಪಿದೆಯೇ? ಚಳಿಗಾಲ ಬಂದರೆ ಹಿತಕಿದ ಅವರೆ. ಒರಳಿನ ಸುತ್ತ ನಾವೆಲ್ಲ ಕುಳಿತು ಅವರೆ ಹಿತಕುತ್ತಿದ್ದಾಗ ಯಾರೂ ಪ್ರೋಟೀನಿನ ಲೆಕ್ಕ ಕೇಳುತ್ತಿರಲಿಲ್ಲ. ಇಲ್ಲಿ ಹಿತಕಿದ ಅವರೆ ಸಿಗುವುದೇ ಅಪರೂಪ.

ಮೈಸೂರು ಅತ್ತೆ: ಆ ಒರಳು ಈಗ ಯಾರ ಮನೆಯಲ್ಲಿದೆ ಎಂದೂ ಕೇಳು.

ನಾನು: ದೊಡ್ಡಪ್ಪ, ನೀವು ಕಳುಹಿಸಿದ ಸಂದೇಶವನ್ನು ನಾನು ಪೂರ್ತಿಯಾಗಿ ಓದಿದೆ. ಭಾವ ಕೇಳಿದ ಮೂಲ ಇರುವುದು ನಿಜ. 2008ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅರವತ್ತು ವರ್ಷದ ಒಬ್ಬ ವ್ಯಕ್ತಿಯ ವರದಿ ಬಂದಿತ್ತು. ಅವರು ದಿನವೂ ಮೂರು ಲೀಟರಿಗೆ ತುಸು ಕಡಿಮೆ ಸೋಯಾ ಹಾಲು ಕುಡಿಯುತ್ತಿದ್ದರು, ಅದನ್ನು ಬಿಟ್ಟ ಮೇಲೆ ಎದೆಯ ನೋವು ಹೋಗಿ ಹಾರ್ಮೋನಿನ ಪ್ರಮಾಣವೂ ಕ್ರಮೇಣ ಸಹಜಕ್ಕೆ ಇಳಿಯಿತು. ಸಂದೇಶದಲ್ಲಿಯೇ ಮೂರು ಲೀಟರ್ ಎಂದು ಬರೆದಿದೆ, ನಾವು ಯಾರೂ ಆ ಸಾಲಿನ ಮೇಲೆ ನಿಲ್ಲಲಿಲ್ಲ. ವಾರಕ್ಕೊಮ್ಮೆ ಒಂದು ಬಟ್ಟಲು ಸಾರು ಉಣ್ಣುವ ಹುಡುಗನಿಗೆ ಆ ಒಬ್ಬರ ಕಥೆಯನ್ನು ಅಳತೆಗೋಲಾಗಿ ಹಿಡಿಯುವುದು ನ್ಯಾಯವಲ್ಲ. ಸೋಯಾದಲ್ಲಿರುವುದು ಐಸೋಫ್ಲೇವೋನ್ ಎಂಬ ಸಸ್ಯಮೂಲದ ವಸ್ತು. ಅದರ ರಚನೆ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ನನ್ನು ಹೋಲುತ್ತದೆ, ಆದರೆ ದೇಹದಲ್ಲಿ ಅದರ ಪ್ರಭಾವ ಬಹಳ ದುರ್ಬಲ. ಗಂಡಸರ ಮೇಲೆ ನಡೆದ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ಒಮ್ಮೆ, 2021ರಲ್ಲಿ ಮತ್ತೊಮ್ಮೆ ವಿಶ್ಲೇಷಿಸಿದಾಗ, ಸೋಯಾ ಸೇವನೆಯಿಂದ ಗಂಡಸಿನ ಹಾರ್ಮೋನಾದ ಟೆಸ್ಟೋಸ್ಟೆರಾನ್ ಗಮನಾರ್ಹವಾಗಿ ಬದಲಾಗಲಿಲ್ಲ.

ಭಾವ: ನಾನು ಆರಂಭದಲ್ಲೇ ಇದನ್ನು ಹೇಳಿದ್ದೆ. ಪೊಟ್ಟಣದ ಮೇಲೆ ಬರೆದಿರುವಂತೆ ನೂರು ಗ್ರಾಮಿಗೆ 52 ಗ್ರಾಂ ಪ್ರೋಟೀನು, ಕೋಳಿ ಮಾಂಸದ ಎರಡರಷ್ಟು. ಹಾಗಿರುವಾಗ ಕೋಳಿಯೇ ಏಕೆ ಬೇಕು?

ನಾನು: ಭಾವ, ಆ ಮಾತನ್ನೂ ನಿಲ್ಲಿಸಿ ಓದಬೇಕು. 52 ಗ್ರಾಂ ಎಂಬುದು ಒಣ ಉಂಡೆಯ ಲೆಕ್ಕ. ಅದು ತನ್ನ ತೂಕದ ಎರಡು ಮೂರು ಪಟ್ಟು ನೀರು ಹೀರುತ್ತದೆ, ಆದ್ದರಿಂದ ತಟ್ಟೆಗೆ ಬಂದಾಗ ನೂರು ಗ್ರಾಮಿನಲ್ಲಿ ಉಳಿಯುವುದು ಹದಿನೈದು ಗ್ರಾಮಿನ ಆಸುಪಾಸು. ಒಬ್ಬರ ಪಾಲಿಗೆ 25 ಗ್ರಾಂ ಒಣ ಸೋಯಾ ನೆನೆಸಿದರೆ ಸುಮಾರು 13 ಗ್ರಾಂ ಪ್ರೋಟೀನು ಸಿಗುತ್ತದೆ, ಶ್ರಾವಣದ ಒಂದು ಊಟಕ್ಕೆ ಅದು ಒಳ್ಳೆಯ ಪ್ರಮಾಣವೇ. ಅಕ್ಕಿ, ರಾಗಿಗಳಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪ್ರೋಟೀನಿನ ಘಟಕ ಸೋಯಾದಲ್ಲಿ ಧಾರಾಳವಾಗಿದೆ, ಸೋಯಾದಲ್ಲಿ ಕಡಿಮೆಯಿರುವ ಮೆಥಿಯೋನಿನ್ ಎಂಬ ಇನ್ನೊಂದು ಘಟಕ ಆ ಧಾನ್ಯಗಳಿಂದ ಬರುತ್ತದೆ, ಹೀಗಾಗಿ ಮುದ್ದೆ ಮತ್ತು ಸೋಯಾ ಸಾರಿನ ಜೋಡಿ ನಿಜಕ್ಕೂ ಬಲವಾದದ್ದು. ಆದರೆ ಮಾಂಸದಲ್ಲಿ ಸಿಗುವ ಬಿ12 ಜೀವಸತ್ವ ಇದರಲ್ಲಿಲ್ಲ. ದೊಡ್ಡಪ್ಪ, ಫಾರಂ ಕೋಳಿಯ ಮೇವಿನಲ್ಲಿಯೂ ಸೋಯಾ ಹಿಂಡಿ ಇರುತ್ತದೆ. ಅದಕ್ಕೆ ಕೊರತೆ ಬಿದ್ದದ್ದರಿಂದಲೇ 2021ರಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಹಿಂಡಿಯನ್ನು ಹೊರದೇಶದಿಂದ ತರಲು ಅನುಮತಿ ನೀಡಿತು.

ದೊಡ್ಡಪ್ಪ: ಓದಿದವರು ಹೇಳಿದರೆ ಕೇಳುತ್ತೇನೆ. ಆದರೆ ಯಂತ್ರದಲ್ಲಿ ಒತ್ತಿ ಮಾಂಸದಂತೆ ಕಾಣುವ ಹಾಗೆ ಮಾಡಿದ ವಸ್ತುವನ್ನು ಹಬ್ಬದ ತಿಂಗಳಲ್ಲಿ ಬಡಿಸುವುದು ನನಗೆ ಒಗ್ಗುವುದಿಲ್ಲ.

ನಾನು: ಒಗ್ಗದಿರುವುದು ನಿಮ್ಮ ಅಭಿರುಚಿ, ಅದನ್ನು ಗೌರವಿಸುತ್ತೇನೆ. ಅದು ಯಂತ್ರದ ಪದಾರ್ಥ ಎಂಬುದೂ ಸರಿ: ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ನೀರಿನೊಂದಿಗೆ ಬಿಸಿ ಮತ್ತು ಒತ್ತಡದಲ್ಲಿ ಬೇಯಿಸಿ ಸಣ್ಣ ರಂಧ್ರದಿಂದ ಹೊರದೂಡುತ್ತಾರೆ, ಹೊರಬಂದ ಕ್ಷಣ ಒತ್ತಡ ಇಳಿದು ಉಬ್ಬುತ್ತದೆ, ಮಾಂಸದಂತಹ ನಾರು ಬರುವುದು ಹಾಗೆ. ಒಗ್ಗುವುದಿಲ್ಲ ಎಂದು ಹೇಳುವುದಕ್ಕೆ ಹಾರ್ಮೋನಿನ ಭಯವನ್ನು ಸೇರಿಸಬೇಕಾಗಿರಲಿಲ್ಲ. ಅತ್ತಿಗೆ, ನಿಮ್ಮ ಉಂಡೆ ಸಾರಿನಲ್ಲಿ ಒಡೆಯದೆ ಉಳಿದದ್ದು ಹೇಗೆ?

ಅತ್ತಿಗೆ: ಸೋಯಾ ತರಿಯನ್ನು ಉಪ್ಪು ಹಾಕಿದ ಕುದಿನೀರಿನಲ್ಲಿ ನೆನೆಸಿ, ತಣ್ಣೀರಿನಲ್ಲಿ ಎರಡು ಬಾರಿ ತೊಳೆದು, ಬಟ್ಟೆಯಲ್ಲಿ ಕಟ್ಟಿ ನೀರೆಲ್ಲ ಹೋಗುವಂತೆ ಹಿಂಡಬೇಕು, ಹಿಂಡದಿದ್ದರೆ ಹಸಿ ವಾಸನೆ ಉಳಿಯುತ್ತದೆ, ಮಸಾಲೆಯೂ ಒಳಗೆ ಇಳಿಯುವುದಿಲ್ಲ. ಮಾಂಸಕ್ಕೆ ತನ್ನದೇ ಕೊಬ್ಬು ಇರುತ್ತದೆ, ಇದಕ್ಕೆ ಇಲ್ಲ, ಆದ್ದರಿಂದ ಚಕ್ಕೆ, ಲವಂಗ, ಕಾಯಿತುರಿ, ಕೊತ್ತಂಬರಿ ಸೊಪ್ಪಿನೊಂದಿಗೆ ರುಬ್ಬುವಾಗ ಒಂದು ಚಮಚ ಎಣ್ಣೆ ಹಾಕುತ್ತೇನೆ, ಹುರಿಗಡಲೆ ಪುಡಿಯನ್ನು ಅತ್ತೆಯವರು ಹಾಕುತ್ತಿದ್ದುದಕ್ಕಿಂತ ಹೆಚ್ಚು ಸೇರಿಸುತ್ತೇನೆ. ಸಾರು ಚೆನ್ನಾಗಿ ಕುದಿಯುವಾಗ ಉಂಡೆ ಬಿಟ್ಟು, ಅದು ಬೇಯುವವರೆಗೆ ಸೌಟು ಆಡಿಸಬಾರದು.

ದುಬೈ ತಮ್ಮ: ಅತ್ತಿಗೆ, ದೊಡ್ಡಮ್ಮನೂ ಸೌಟು ಮುಟ್ಟಲು ಬಿಡುತ್ತಿರಲಿಲ್ಲ.

ಚಿಕ್ಕಮ್ಮ: ನಾನು ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಒಂದೇ ಪ್ರಶ್ನೆ ಕೇಳುತ್ತೇನೆ. ಸೋಯಾದ ವಿಷಯದಲ್ಲಿ ನಿಜವಾಗಿ ಎಚ್ಚರ ಬೇಕಾದವರು ಅದರ ಅಲರ್ಜಿ ಇರುವವರು ಮತ್ತು ಥೈರಾಯ್ಡ್ ಮಾತ್ರೆ ನುಂಗುವವರು, ಏಕೆಂದರೆ ಸೋಯಾ ಆ ಮಾತ್ರೆಯನ್ನು ದೇಹ ಹೀರಿಕೊಳ್ಳುವುದನ್ನು ಕಡಿಮೆ ಮಾಡಬಲ್ಲದು. ಮೈಸೂರಿನ ಅತ್ತಿಗೆ, ನೀವು ಗೋಧಿಯ ಜೊತೆ ಸೋಯಾ ಹಾಕಿ ಮಿಲ್ ಮಾಡಿಸುತ್ತೀರಲ್ಲವೇ? ಬೆಳಿಗ್ಗೆ ಮಾತ್ರೆ ನುಂಗಿ ಎಷ್ಟು ಹೊತ್ತಿಗೆ ಚಪಾತಿ ತಿನ್ನುತ್ತೀರಿ?

ಮೈಸೂರು ಅತ್ತೆ: ಅರ್ಧ ಗಂಟೆ ಬಿಟ್ಟು. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಚಿಕ್ಕಮ್ಮ: ಹಿಟ್ಟನ್ನು ಎಸೆಯಬೇಡಿ, ಮಾತ್ರೆಯನ್ನೂ ನಿಲ್ಲಿಸಬೇಡಿ. ಸೋಯಾ ಬೆರೆಸಿದ ಚಪಾತಿಯನ್ನು ರಾತ್ರಿಯೂಟಕ್ಕೆ ಇಟ್ಟುಕೊಂಡು, ಮುಂದಿನ ಸಲ ಥೈರಾಯ್ಡಿನ ಟಿಎಸ್‌ಎಚ್ ರಕ್ತಪರೀಕ್ಷೆಯ ಚೀಟಿ ತೋರಿಸುವಾಗ ಇದನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ದೊಡ್ಡಪ್ಪ: ಅವಳ ಪರೀಕ್ಷೆ ಯಾವಾಗ ಎಂದು ತಿಳಿಸಿ, ನಾನೇ ಕರೆದುಕೊಂಡು ಹೋಗುತ್ತೇನೆ.