27 ನಂಬರೋ 28 ನಂಬರೋ? ವೈಂಡಿಂಗ್ ತಂತಿ ಅಳೆಯೋಕೆ ಯಾವುದು ತಗೊಳ್ಳಲಿ

ಕೇಳಿದ್ದು: ಸೀಲಿಂಗ್ ಫ್ಯಾನ್, ಒಂದು ಎಚ್‌ಪಿ ಒಳಗಿನ ಪಂಪ್ ಮೋಟಾರ್ ರಿವೈಂಡಿಂಗ್ ಕಲೀತಿದ್ದೇನೆ. ಸುಟ್ಟ ಕಾಯಿಲಿನ ತಂತಿ ಹಿಡಿದು ಅಂಗಡಿಗೆ ಹೋದರೆ "ಎಷ್ಟು ಗೇಜ್?" (ತಂತಿ ದಪ್ಪದ ನಂಬರ್) ಅಂತಾರೆ. ಡಿಜಿಟಲ್ ವರ್ನಿಯರ್ ಸಾಕಾ, ಸ್ಕ್ರೂ ಗೇಜೇ ಬೇಕಾ, ಇಲ್ಲ ಸುತ್ತ ಸೀಳಿರೋ ಗೇಜ್ ತಟ್ಟೆ ತಗೊಂಡ್ರೆ ಆಗುತ್ತಾ?

ರಿವೈಂಡಿಂಗ್ ಮಾಡುವವರು: ಸ್ಕ್ರೂ ಗೇಜ್ ತಗೊಳ್ಳಿ. 0–25 ಮಿ.ಮೀ. ಅಳತೆಯದು, ತುದಿಯಲ್ಲಿ ಕಟಕಟ ಅನ್ನೋ ರ‍್ಯಾಚೆಟ್ ಇರಬೇಕು. ಎಸ್‌ಡಬ್ಲ್ಯುಜಿ (ಸ್ಟ್ಯಾಂಡರ್ಡ್ ವೈರ್ ಗೇಜ್, ನಂಬರ್ ಹೆಚ್ಚಿದಷ್ಟು ತಂತಿ ಸಣ್ಣ) ಲೆಕ್ಕದಲ್ಲಿ 27 ನಂಬರ್ ಅಂದ್ರೆ 0.417 ಮಿ.ಮೀ., 28 ಅಂದ್ರೆ 0.376. ನಡುವೆ ಇರೋದು ಬರೀ 0.04. ಅಗ್ಗದ ಡಿಜಿಟಲ್ ವರ್ನಿಯರ್ 0.03 ಆಚೀಚೆ ತೋರಿಸಿದರೂ ತಯಾರಕರ ಲೆಕ್ಕದಲ್ಲಿ ಅದು ಸರಿಯೇ. ಪರದೆ ಮೇಲೆ ಎರಡು ದಶಾಂಶ ಕಂಡ ಮಾತ್ರಕ್ಕೆ ಅಳತೆ ಅಷ್ಟು ನಿಖರ ಅಂತಲ್ಲ. ಇನ್ನು 28ರ ಜಾಗಕ್ಕೆ 27 ಸುತ್ತಿದರೆ ತಾಮ್ರದ ಅಡ್ಡಕೊಯ್ತ ಸುಮಾರು 23% ಹೆಚ್ಚಾಗುತ್ತೆ. ಅಷ್ಟೇ ಸುತ್ತು ಸ್ಲಾಟಿಗೆ (ಕಾಯಿಲ್ ಕೂರೋ ಸಂದಿಗೆ) ಹಿಡಿಯಲ್ಲ, ಬಲವಂತವಾಗಿ ತುರುಕಿದರೆ ಎನಾಮಲ್ (ತಂತಿ ಮೇಲಿನ ತೆಳು ಲೇಪ) ಗೀಚಿ ಶಾರ್ಟ್ ಆಗುತ್ತೆ.

ಅಳೆಯೋ ಮೊದಲು ಎನಾಮಲ್ ತೆಗೀಬೇಕು. ಅದು ಸೇರಿದರೆ 28ರ ತಂತಿಯೇ 0.41ರ ಆಸುಪಾಸು ತೋರಿಸಿ 27 ಅನ್ನಿಸಿಬಿಡುತ್ತೆ. ಬ್ಲೇಡಲ್ಲಿ ಕೆರೆದರೆ ತಾಮ್ರವೂ ಹೋಗುತ್ತೆ. ಲೈಟರ್ ಉರಿಯಲ್ಲಿ ಎರಡಿಂಚು ಕರಕು ಮಾಡಿ, ಆರಿದ ಮೇಲೆ ಒರಟು ಬಟ್ಟೆಯಲ್ಲಿ ಒರೆಸಿ. ಎಳೆದು ನೆಟ್ಟಗೆ ಮಾಡಬೇಡಿ, ಮೆದು ತಾಮ್ರ ಸಣ್ಣಗಾಗುತ್ತೆ. ಸ್ಲಾಟಿಂದ ಜಗ್ಗಿ ತೆಗೆದ ಭಾಗ ಬಿಟ್ಟು, ಸ್ಲಾಟಿನ ಹೊರಗೆ ಮಡಚಿಕೊಂಡಿರೋ ಕಡೆಯಿಂದ ತುಂಡು ಕತ್ತರಿಸಿ.

ಪಿಯು ಲ್ಯಾಬ್ ನೋಡಿಕೊಳ್ಳುವವರು: ಸ್ಕ್ರೂ ಗೇಜಿನ ಸೊನ್ನೆ ದೋಷ (ಪೂರ್ತಿ ಮುಚ್ಚಿದಾಗಲೂ ಸೊನ್ನೆ ತೋರಿಸದಿರೋದು) ನೋಡೋದು ಮರೀಬೇಡಿ. ಎರಡು ಮುಖಗಳ ನಡುವೆ ಬಿಳಿ ಕಾಗದ ಹಗುರಾಗಿ ಹಿಡಿದು ಎಳೆದರೆ ಧೂಳು ಬರುತ್ತೆ, ಆಮೇಲೆ ಮುಚ್ಚಿ ನೋಡಿ. ತಿರುಗೋ ಸ್ಕೇಲಿನ 2ನೇ ಗೆರೆ ಅಡ್ಡಗೆರೆಗೆ ಕೂತರೆ ದೋಷ +0.02, ಅದನ್ನ ಕಳೀಬೇಕು. ತಂತಿ ಇಟ್ಟಾಗ 0.40 ಬಂದರೆ ನಿಜವಾದದ್ದು 0.38, ಅಂದ್ರೆ 28 ನಂಬರ್. ಕಳೆಯದಿದ್ದರೆ 27 ಅಂತ ತಂದುಬಿಡ್ತಿದ್ರಿ! 50 ಮನೆಯ ಸ್ಕೇಲು ಮುಚ್ಚಿದಾಗ ಸೊನ್ನೆ ದಾಟಿ 48ಕ್ಕೆ ನಿಂತರೆ 0.02 ಕೂಡಿಸಬೇಕು.

ಕಾರ್ಖಾನೆಗಳಲ್ಲಿ ಬಳಸೋ ಸ್ಕ್ರೂ ಗೇಜಿನಲ್ಲಿ ಒಂದು ಸುತ್ತಿಗೆ 0.5 ಮಿ.ಮೀ., 50 ಮನೆ. ಅರ್ಧ ಮಿಲಿಮೀಟರಿನ ಗೆರೆ ಹೊರಗೆ ಬಂದಿದೆಯಾ ನೋಡಿ. ಅದನ್ನ ಬಿಟ್ಟರೆ 22 ನಂಬರಿನ 0.71 ನಿಮಗೆ 0.21 ಆಗುತ್ತೆ. ರ‍್ಯಾಚೆಟ್ ಹಿಡಿದೇ ತಿರುಗಿಸಿ, ಎರಡು ಮೂರು ಸಲ ಕಟ್ ಅಂದರೆ ಸಾಕು. ಒಂದೇ ಜಾಗದಲ್ಲಿ ತಂತಿಯನ್ನ ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ, ಹಾಗೇ ಮೂರು ಕಡೆ ಅಳೆದು ಸರಾಸರಿ ತೆಗೀರಿ.

ಎಲೆಕ್ಟ್ರಿಕಲ್ ಅಂಗಡಿಯವರು: ಗೇಜ್ ತಟ್ಟೆ ಕೆಟ್ಟದ್ದೇನಲ್ಲ ಸರ್, ದಪ್ಪ ತಂತಿಗೆ ಬೇಗ ಆಗುತ್ತೆ. ಆದರೆ ಅಳೆಯೋದು ಅಂಚಿನ ಸೀಳಿನಲ್ಲಿ, ಒಳಗಿನ ದುಂಡು ತೂತಿನಲ್ಲಲ್ಲ. ಅಲ್ಲಿ ತಂತಿ ಸಡಿಲ ಕೂರುತ್ತೆ. ತಟ್ಟೆ ಮೇಲೆ ಎಸ್‌ಡಬ್ಲ್ಯುಜಿ ಅಂತಿದೆಯಾ ನೋಡಿ ಕೊಳ್ಳಿ. ಎಡಬ್ಲ್ಯುಜಿ ಅಂದರೆ ಅಮೆರಿಕದ ಲೆಕ್ಕ, ಅದರಲ್ಲಿ 22 ಅಂದ್ರೆ 0.644, ನಮ್ಮಲ್ಲಿ 0.711. ಈ ಗೊಂದಲಕ್ಕೆ ಒಂದೇ ಮದ್ದು: ನಂಬರ್ ಜೊತೆ ಮಿ.ಮೀ.ನಲ್ಲೂ ಹೇಳಿ.

ಇನ್ನೊಬ್ಬರು: ಕೈಯಲ್ಲಿ ಏನೂ ಇಲ್ಲದಿದ್ದರೆ ಪೆನ್ಸಿಲಿಗೆ 30 ಸುತ್ತು ಒತ್ತೊತ್ತಾಗಿ ಸುತ್ತಿ, ಉದ್ದವನ್ನ 30ರಿಂದ ಭಾಗಿಸಿ. ಸ್ಕೇಲ್ ಓದೋದರಲ್ಲಿ ಅರ್ಧ ಮಿ.ಮೀ. ತಪ್ಪಿದರೂ ಒಂದು ತಂತಿಗೆ ಬೀಳೋದು 0.017 ಅಷ್ಟೇ. ಸುತ್ತುಗಳ ಮಧ್ಯೆ ಸಂದು ಬಿಟ್ಟರೆ ಮಾತ್ರ ಲೆಕ್ಕ ಕೆಡುತ್ತೆ. ಇದರಲ್ಲಿ ಎನಾಮಲೂ ಸೇರಿರುತ್ತೆ ಅನ್ನೋದು ನೆನಪಿರಲಿ.

ರಿವೈಂಡಿಂಗ್ ಮಾಡುವವರು: ಒಂದು ಬಿಟ್ಟುಹೋಯ್ತು. ಕಾಯಿಲ್ ಬಿಚ್ಚುವಾಗ ಒಂಟಿ ತಂತಿಯಾ, ಜೋಡಿ ತಂತಿಯಾ ನೋಡಿ ಬರೆದಿಟ್ಟುಕೊಳ್ಳಿ. 22 ನಂಬರ್ ಎರಡೆಳೆ ಒಟ್ಟಿಗೆ ಸುತ್ತಿದ್ದರೆ ಅದು ಹೆಚ್ಚುಕಮ್ಮಿ ಒಂದು 19ಕ್ಕೆ ಸಮ. ಬರೀ 22 ಅಂತ ಬರೆದು ಒಂಟಿ ಸುತ್ತಿದರೆ ಅರ್ಧ ತಾಮ್ರದ ಮೋಟಾರ್ ಆಗುತ್ತೆ.